ಪಿಚ್ಚಿನ ಹದ

ದೂರದರ್ಶಕದ ಕನ್ನಡಿಯನ್ನು ಮನೆಯಲ್ಲೇ ಉಜ್ಜಿ ಮಾಡಿದವರು ಯಾರಾದರೂ ಸಿಕ್ಕರೆ ಮಾತಾಡಿಸಿ ನೋಡಿ. ಗಾಜಿನ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಹೊಳಪು ಕೊಡಲು ಬಳಸುವ, ಡಾಂಬರಿನಂಥ ಪಿಚ್ಚಿನ ವಿಷಯಕ್ಕೆ ಬಂದರೆ ಕಾಫಿ ಆರಿಹೋದರೂ ಮಾತು ಮುಗಿಯುವುದಿಲ್ಲ. ಮೂವತ್ತು ವರ್ಷದ ಹಿಂದೆ ಎಂಟಿಂಚಿನ ಕನ್ನಡಿಯೊಂದನ್ನು ಅರ್ಧ ಬೆಂಗಳೂರಿನಲ್ಲಿ, ಅರ್ಧ ಬಳ್ಳಾರಿಯಲ್ಲಿ ಹೊಳಪಿಗೆ ತಂದವಳು ನಾನು. ಆ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲನ್ನು ಪಿಚ್ಚೇ ಕಲಿಸಿತು.

1994ರ ಜುಲೈನಲ್ಲಿ ಶೂಮೇಕರ್-ಲೆವಿ 9 ಧೂಮಕೇತುವಿನ ಚೂರುಗಳು ಗುರುಗ್ರಹಕ್ಕೆ ಬಡಿದವು. ಬೆಂಗಳೂರಿನಲ್ಲಿ ಆಗ ಮೋಡದ ಕಾಲ. ಮೋಡ ಸರಿದ ಸ್ವಲ್ಪ ಹೊತ್ತಿನಲ್ಲಿ, ಪರಿಚಯದವರೊಬ್ಬರ ತಾರಸಿಯ ಮೇಲೆ, ಗುರುವಿನ ಮೈಮೇಲಿನ ಕಪ್ಪು ಕಲೆಯನ್ನು ನಾನು ಕಂಡೆ. ನಾನು ಕಣ್ಣಿಟ್ಟಿದ್ದ ದೂರದರ್ಶಕದ ಕನ್ನಡಿ ಮಾಡಿದವರು ಪಕ್ಕದಲ್ಲೇ ನಿಂತಿದ್ದರು. ಮಸೂರ, ಪಟ್ಟಕಗಳ ಕೆಲಸದಲ್ಲೇ ತಲೆ ನರೆಸಿ ನಿವೃತ್ತರಾಗಿದ್ದ ಹಿರಿಯರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಆದರೂ ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು.

"ಇದನ್ನ ಪೂರ್ತಿ ನೀವೇ ಮಾಡಿದ್ದಾ ಸಾರ್?" ಎಂದೆ.

"ಗಾಜು ಅಂಗಡೀದಮ್ಮ. ಮಿಕ್ಕಿದ್ದು ನಂದು. ನೀನೂ ಮಾಡಬಹುದು, ಹೊತ್ತು ಹಿಡಿಯತ್ತೆ ಅಷ್ಟೆ."

ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ಅವರ ಮನೆಯ ಹಿಂದಿನ ಕೋಣೆಗೆ ಹೋಗುವ ಅಭ್ಯಾಸ ಹೀಗೆ ಶುರುವಾಯಿತು. ಒರಟು ಉಜ್ಜುವಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೀಪಾಯಿಯ ಮೇಲೆ ಕೂರಿಸಿದ ಒಂದು ಗಾಜಿನ ಬಿಲ್ಲೆಗೆ ಕಾರ್ಬೊರಂಡಮ್ ಪುಡಿಯನ್ನೂ ನೀರನ್ನೂ ಹಾಕಿ ಇನ್ನೊಂದನ್ನು ಉಜ್ಜುತ್ತ, ಪೀಪಾಯಿಯ ಸುತ್ತ ತಿರುಗುತ್ತ ಹೋದರೆ ಮೇಲಿನ ಬಿಲ್ಲೆ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. 80ನೇ ನಂಬರಿನ ಪುಡಿಯಿಂದ ಹಿಡಿದು ನಯವಾದ 600ರವರೆಗೆ ಇದೇ ಕೆಲಸ. ನನ್ನದು ಎಂಟಿಂಚು ಅಗಲದ ಎಫ್/6 ಕನ್ನಡಿ, ಅಂದರೆ ನಾಭಿದೂರ ಅಗಲದ ಆರರಷ್ಟು, ನಡುವಿನ ತಗ್ಗು ಎರಡು ಮಿಲಿಮೀಟರಿಗೆ ಚೂರು ಹೆಚ್ಚು. ತೋಳಿಗೆ ಬಲ ಇದ್ದವರು ಯಾರಾದರೂ ಇಲ್ಲಿಯವರೆಗೆ ಬಂದುಬಿಡಬಹುದು. ಇಲ್ಲಿಗೆ ಬಂದಾಗ ಗಾಜಿನ ಮೈ ಮಂಜು ಕವಿದ ಹಾಗೆ ಬೂದುಬಣ್ಣದಲ್ಲಿರುತ್ತದೆ. ಅದನ್ನು ಹೊಳೆಯಿಸಬೇಕು. ಬರೀ ಹೊಳೆದರೆ ಸಾಲದು, ಮೈಯ ಏರುಪೇರು ಹಸಿರು ಬೆಳಕಿನ ಅಲೆಯುದ್ದದ ಎಂಟನೇ ಒಂದು ಪಾಲನ್ನು, ಅಂದರೆ ಸುಮಾರು 70 ನ್ಯಾನೊಮೀಟರನ್ನು ಮೀರಬಾರದು. ಲ್ಯಾಪ್ ಬೇಕಾಗುವುದು ಈ ಕೆಲಸಕ್ಕೆ.

ಲ್ಯಾಪ್ ಅಂದರೆ ಹೊಳಪು ಕೊಡುವ ಹಾಸು. ಅದನ್ನು ಯಾವುದರಿಂದ ಮಾಡಬೇಕು ಎಂಬುದೇ ಕನ್ನಡಿ ಮಾಡುವವರ ನಡುವೆ ಮುಗಿಯದ ಚರ್ಚೆ. ಕನ್ನಡಕದ ಮಸೂರ ಉಜ್ಜುವವರು ಉಣ್ಣೆಯ ಫೆಲ್ಟ್ ಅಂಟಿಸಿಕೊಂಡು ಒಂದೇ ಹೊತ್ತಿನಲ್ಲಿ ಹೊಳಪು ತಂದುಬಿಡುತ್ತಾರೆ. ನಾವೂ ಹಾಗೇ ಮಾಡಿದರೇನು ಎಂದು ಮೇಷ್ಟ್ರನ್ನು ಕೇಳಿದ್ದೆ. ಅವರು ತಮ್ಮ ಕನ್ನಡಕ ತೆಗೆದು ಕೈಗೆ ಕೊಟ್ಟರು. ನಮ್ಮ ಕಣ್ಣಿನ ಪಾಪೆ ಒಂದು ಸಲಕ್ಕೆ ಕನ್ನಡಕದ ಗಾಜಿನ ಕೆಲವೇ ಮಿಲಿಮೀಟರ್ ಜಾಗವನ್ನು ಬಳಸುತ್ತದೆ, ಆದ್ದರಿಂದ ಗಾಜಿನ ಈ ಮೂಲೆಗೂ ಆ ಮೂಲೆಗೂ ಸಣ್ಣ ವ್ಯತ್ಯಾಸವಿದ್ದರೆ ಯಾರಿಗೂ ತಿಳಿಯುವುದಿಲ್ಲ. ದೂರದರ್ಶಕದ ಕನ್ನಡಿ ಹಾಗಲ್ಲ. ಅದರ ಅಂಚಿನಿಂದ ನಡುವಿನವರೆಗಿನ ಪ್ರತಿ ಚೂರೂ ನಕ್ಷತ್ರದ ಬೆಳಕನ್ನು ಒಂದೇ ಬಿಂದುವಿಗೆ ಕಳಿಸಬೇಕು. ಫೆಲ್ಟ್ ಮೆತ್ತಗಿರುತ್ತದೆ, ಗಾಜಿನ ಗುಳಿಯೊಳಗೂ ಇಳಿದು ಅಲ್ಲಿಯೂ ತಿಕ್ಕುತ್ತದೆ. ಹೊಳಪು ಬರುತ್ತದೆ, ಗುಳಿ ಹಾಗೇ ಉಳಿಯುತ್ತದೆ.

ಜೇನು ಸಾಕುವವರು ಪೆಟ್ಟಿಗೆಯ ಚೌಕಟ್ಟಿಗೆ ಹಾಕುವ, ಆರು ಮೂಲೆಯ ಕೋಶಗಳ ಅಚ್ಚೊತ್ತಿದ ಮೇಣದ ಹಾಳೆಯಿಂದಲೂ ಲ್ಯಾಪ್ ಮಾಡುತ್ತಾರೆ. ಕಾಯಿಸುವುದಿಲ್ಲ, ಸುರಿಯುವುದಿಲ್ಲ, ಅಂಟಿಸಿದರೆ ಆಯಿತು. ಪಿಚ್ಚಿಗಿಂತ ಬೇಗ ಹೊಳಪು ತರುತ್ತದೆ, ಅದೂ ನಿಜ. ಆದರೆ ಬಿಟ್ಟುಹೋಗುವ ಮೈ ಕಿತ್ತಳೆ ಸಿಪ್ಪೆಯ ಒರಟು, ಅದನ್ನು ಕಳೆಯಲು ಕೊನೆಗೆ ಪಿಚ್ಚೇ ಬರಬೇಕು. ಈಗ ಮಾರುಕಟ್ಟೆಯಲ್ಲಿ ಅಂಟು ಹಚ್ಚಿದ ಪಾಲಿಯುರೆಥೇನ್ ಬಿಲ್ಲೆಗಳೂ ಸಿಗುತ್ತವೆ. ಬೂದು ಹೋಗಲಾಡಿಸುವವರೆಗೆ ಅವನ್ನು ಬಳಸಿಕೊಳ್ಳಲಿ ಬಿಡಿ, ನನ್ನ ತಕರಾರಿಲ್ಲ. ಆಕಾರ ತಿದ್ದುವ ಕೆಲಸಕ್ಕೆ ಮಾತ್ರ ಪಿಚ್ ಬಿಟ್ಟು ಬೇರೆ ಯಾವುದನ್ನೂ ನಾನು ನಂಬುವುದಿಲ್ಲ.

ನ್ಯೂಟನ್ 1704ರ ತನ್ನ 'ಆಪ್ಟಿಕ್ಸ್' ಪುಸ್ತಕದಲ್ಲಿ, ಉಬ್ಬಿದ ತಾಮ್ರದ ಮೇಲೆ ಪಿಚ್ ಕರಗಿಸಿ ಹರಡಿ, ತಗ್ಗಿನ ತಾಮ್ರದಿಂದ ಅದನ್ನು ಒತ್ತಿ ತೆಳುವಾಗಿಸಿ, ತವರದ ಭಸ್ಮ ಹಾಕಿ ತನ್ನ ಲೋಹದ ಕನ್ನಡಿಗೆ ಹೊಳಪು ಕೊಟ್ಟ ಬಗೆಯನ್ನು ಬರೆದಿದ್ದಾನೆ. ಮೂರು ಶತಮಾನ ಕಳೆದರೂ ನಾವು ಮಾಡುತ್ತಿರುವುದು ಹೆಚ್ಚೂಕಮ್ಮಿ ಅದನ್ನೇ. ಕಾರಣ ಪಿಚ್ಚಿನ ಸ್ವಭಾವದಲ್ಲಿದೆ. ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಚೂರಾಗುತ್ತದೆ, ಸುಮ್ಮನೆ ಬಿಟ್ಟರೆ ಹರಿಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕರು ಆಲಿಕೆಯೊಂದಕ್ಕೆ ಪಿಚ್ ಸುರಿದು, 1930ರಲ್ಲಿ ಆಲಿಕೆಯ ತುದಿ ಕತ್ತರಿಸಿಟ್ಟರು. ಅದರಿಂದ ಒಂಬತ್ತನೆಯ ಹನಿ ಕಳಚಿದ್ದು 2014ರಲ್ಲಿ. ಕೈ ಹಿಂದೆ ಮುಂದೆ ಹೋಗುವ ಒಂದೆರಡು ಸೆಕೆಂಡಿನ ಮಟ್ಟಿಗೆ ಪಿಚ್ ಕಲ್ಲಿನಂತಿದ್ದು ಹೊಳಪು ಕೊಡುವ ಸೀರಿಯಂ ಪುಡಿಯ ಕಣಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಗಾಜಿನ ಗುಳಿಗೆ ಇಳಿಯದೆ ಉಬ್ಬನ್ನೇ ತಿನ್ನುತ್ತದೆ. ನಿಮಿಷಗಳ ಲೆಕ್ಕದಲ್ಲಿ ಅದೇ ಪಿಚ್ ಮೆಲ್ಲನೆ ಜರುಗಿ ಕನ್ನಡಿಯ ಮೈಗೆ ತಾನೇ ಹೊಂದಿಕೊಳ್ಳುತ್ತದೆ. ಈ ಎರಡು ಗುಣವೂ ಒಟ್ಟಿಗಿದ್ದು ಈ ಕೆಲಸಕ್ಕೆ ಒದಗುವ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ.

ಆದರೆ ಎಷ್ಟು ಗಟ್ಟಿ, ಎಷ್ಟು ಮೆತ್ತಗೆ? ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಹುಡುಕಿ ನಾನು ಸೋತಿದ್ದೆ. ಮೇಷ್ಟ್ರ ಹತ್ತಿರ ಜಾನ್ ತೆಕ್ಸರೋ ಬರೆದ ದೂರದರ್ಶಕ ನಿರ್ಮಾಣದ ಪುಸ್ತಕದ ಜೆರಾಕ್ಸ್ ಪ್ರತಿಯಿತ್ತು. ಅದರ ಪುಟಗಳಿಗೆ ಬೆರಳಿನ ಕೆಂಪು ಗುರುತು ಹತ್ತಿತ್ತು. ಆದರೆ ಆ ಪುಸ್ತಕ ಬರೆದದ್ದು ಪ್ಯಾರಿಸ್ಸಿನ ಹವೆಗೆ, ನಮ್ಮ ಕೋಣೆಯ ಹವೆಗಲ್ಲ.

ಡಿಸೆಂಬರಿನ ಒಂದು ಭಾನುವಾರ ಹಿತ್ತಲಿನಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ ಪಿಚ್ ಕಾಯಿಸಿದೆವು. ಪೈನ್ ಮರದ ಪಿಚ್ಚನ್ನು ಮೇಷ್ಟ್ರೇ ಎಲ್ಲಿಂದಲೋ ಹೊಂದಿಸಿದ್ದರು. ರಸ್ತೆಗೆ ಹಾಕುವ ಡಾಂಬರು ಆಗದೇ ಎಂದು ಆಗಾಗ ಹೊಸಬರು ಕೇಳುವುದುಂಟು. ಆಗದು, ಅದರಲ್ಲಿ ಮರಳಿನ ಕಣವಿರುತ್ತದೆ, ಒಂದು ಕಣ ಸಿಕ್ಕಿಕೊಂಡರೂ ಕನ್ನಡಿಗೆ ಗೀರು ಬೀಳುತ್ತದೆ. ಗ್ರಂಧಿಗೆ ಅಂಗಡಿಯಿಂದ ರಾಳ ತಂದಿದ್ದೆ, ಸ್ವಲ್ಪ ಜೇನುಮೇಣವೂ ಇತ್ತು. ರಾಳ ಹಾಕಿದರೆ ಪಿಚ್ ಗಟ್ಟಿಯಾಗುತ್ತದೆ, ಟರ್ಪೆಂಟೈನ್ ಹಾಕಿದರೆ ಮೆತ್ತಗಾಗುತ್ತದೆ. ಟರ್ಪೆಂಟೈನ್ ಹಾಕುವಾಗ ಪಾತ್ರೆಯನ್ನು ಒಲೆಯಿಂದ ದೂರ ಇಳಿಸಲೇಬೇಕು, ಇಲ್ಲದಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಕುದಿಯಲು ಬಿಡಬಾರದು, ಮಂದ ಉರಿಯಲ್ಲಿ ತಿರುವುತ್ತಿರಬೇಕು. ಉಂಡೆ ಪಾಕ ಬಂತೇ ಎಂದು ಅಮ್ಮ ಬೆಲ್ಲದ ಪಾಕವನ್ನು ತಟ್ಟೆಯ ನೀರಿಗೆ ಬಿಟ್ಟು ನೋಡುವ ಹಾಗೆಯೇ ಮೇಷ್ಟ್ರು ಪಿಚ್ಚಿನ ಹನಿಯನ್ನು ಬಟ್ಟಲ ನೀರಿಗೆ ಬಿಟ್ಟರು. ಆ ನೀರು ಮಾತ್ರ ಬೆಳಗಿನಿಂದ ಕೆಲಸದ ಕೋಣೆಯಲ್ಲೇ ಇಟ್ಟದ್ದು, ಕೋಣೆಯಷ್ಟೇ ತಣ್ಣಗಿದ್ದದ್ದು. ಹನಿಯನ್ನು ಅದರಲ್ಲಿ ಚೆನ್ನಾಗಿ ಆರಲು ಬಿಟ್ಟು, ಹೆಬ್ಬೆರಳ ಉಗುರೂರಿ ಹತ್ತು ಎಣಿಸಿ ತೆಗೆದರೆ ಐದಾರು ಮಿಲಿಮೀಟರ್ ಉದ್ದದ ಗುರುತು ಬೀಳಬೇಕು. ಉಗುರು ಸಲೀಸಾಗಿ ಇಳಿದರೆ ಮೆತ್ತಗೆ, ಗುರುತೇ ಬೀಳದಿದ್ದರೆ ಗಟ್ಟಿ. ಅವತ್ತು ಚಿಟಿಕೆ ಚಿಟಿಕೆಯಾಗಿ ರಾಳ ಸೇರಿಸುತ್ತ, ಹನಿ ಬಿಡುತ್ತ, ಉಗುರೂರುತ್ತ ಮಧ್ಯಾಹ್ನದ ಊಟದ ಹೊತ್ತು ಮೀರಿತು.

ಉಬ್ಬಿದ ಬಿಲ್ಲೆಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಒರೆಸಿ, ಸುತ್ತ ಕಾಗದದ ಟೇಪಿನ ಕಟ್ಟೆ ಕಟ್ಟಿ, ಪಿಚ್ ಸುರಿದೆವು. ಮೇಲ್ಮೈ ಬಿಗಿಯುತ್ತಿದ್ದಂತೆ ಸೋಪಿನ ನೀರು ಸವರಿದ ಕನ್ನಡಿಯನ್ನು ಅದರ ಮೇಲಿಟ್ಟು ಮೆಲ್ಲನೆ ಆಡಿಸುತ್ತ ಒತ್ತಿದ್ದು. ಆಮೇಲೆ ಇಂಚಿಂಚಿಗೆ ಗೆರೆ ಕೊರೆದು ಚೌಕ ಮಾಡುವುದು. ಈ ಗೆರೆಗಳ ಮೂಲಕವೇ ಸೀರಿಯಂ ನೀರು ಎಲ್ಲ ಕಡೆ ಹರಿಯಬೇಕು, ಒತ್ತಿದಾಗ ಪಿಚ್ಚಿಗೆ ಜರುಗಲು ಜಾಗವೂ ಅದೇ. ಬಿಲ್ಲೆಯ ನಟ್ಟನಡು ಯಾವ ಚೌಕದ ನಡುವಿಗೂ, ಯಾವ ಗೆರೆಗಳ ಕೂಡುವಿಕೆಗೂ ಬರದ ಹಾಗೆ ಗೆರೆ ಎಳೆಯಬೇಕು. ನಡುವಿಗೆ ಸರಿಯಾಗಿ ಬಂದರೆ ಕನ್ನಡಿಯಲ್ಲಿ ಉಂಗುರದಂಥ ಏರುತಗ್ಗುಗಳು ಹುಟ್ಟುತ್ತವೆ. ಕೊನೆಗೆ ಸೊಳ್ಳೆಪರದೆಯ ತುಂಡನ್ನು ಹಾಸಿ ಒತ್ತಿದಾಗ ಪ್ರತಿ ಚೌಕದ ಮೇಲೂ ಸಣ್ಣ ಸಣ್ಣ ಕಣ್ಣು ಮೂಡಿದವು. ಲ್ಯಾಪ್ ಕಂದು ಬಣ್ಣದಲ್ಲಿ ಮಿರುಗುತ್ತಿತ್ತು, ಕೋಣೆಯ ತುಂಬ ಪೈನ್ ಮರದ ವಾಸನೆ.

ನಾನು ಆಗಲೇ ಉಜ್ಜಲು ಕೈ ಹಾಕಿದ್ದೆ. ಮೇಷ್ಟ್ರು ತಡೆದು, ಕನ್ನಡಿಯನ್ನು ಲ್ಯಾಪಿನ ಮೇಲಿಟ್ಟು, ಮೇಲೊಂದು ತೂಕದ ಕಲ್ಲಿಟ್ಟು, "ಈಗ ಕಾಫಿ ಕುಡಿಯೋಣ ಬಾ" ಎಂದರು. ಅರ್ಧ ಗಂಟೆಯ ನಂತರ ಕಲ್ಲು ತೆಗೆದು ಗಾಜಿನ ಬೆನ್ನಿನ ಕಡೆಯಿಂದ ನೋಡಲು ಹೇಳಿದರು. ಪಿಚ್ ಗಾಜಿಗೆ ತಾಗಿದ ಕಡೆ ಚೌಕಗಳು ಗಾಢ ಕಂದು. ತಾಗದ ಕಡೆ ಬೂದು, ಅಲ್ಲಲ್ಲಿ ಗಾಳಿಯ ಗುಳ್ಳೆ. ಎಲ್ಲ ಚೌಕವೂ ಒಂದೇ ಬಣ್ಣಕ್ಕೆ ಬರುವವರೆಗೆ ಉಜ್ಜುವಂತಿಲ್ಲ. ಬೆಚ್ಚಗಿನ ನೀರಿನಲ್ಲಿ ಲ್ಯಾಪನ್ನು ಅದ್ದಿ ಮತ್ತೆ ಒತ್ತಿಟ್ಟೆವು. ಕನ್ನಡಿ ಕೆಲಸದಲ್ಲಿ ಇದಕ್ಕಿಂತ ದೊಡ್ಡ ನಿಯಮವಿಲ್ಲ ಎಂದು ಈಗ ಹೇಳಬಲ್ಲೆ. ಕೈಯ ಓಟ ಹೇಗಿರಬೇಕು ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಲ್ಯಾಪು ಕನ್ನಡಿಯ ಮೈಗೆ ಪೂರ್ತಿ ಕೂತಿದೆಯೇ ಎಂದು ಪ್ರತಿ ಸಲ ನೋಡಿಕೊಳ್ಳುವವರು ಕಡಿಮೆ. ಕೂತಿದ್ದರೆ ಸಾಧಾರಣ ಕೈಯೂ ಒಳ್ಳೆಯ ಗೋಳವನ್ನು ತರುತ್ತದೆ. ಕೂರದಿದ್ದರೆ ಎಂಥ ಪಳಗಿದ ಕೈಯಾದರೂ ಅಷ್ಟೆ.

ಸೀರಿಯಂ ಆಕ್ಸೈಡ್ ನಸುಗೆಂಪು ಪುಡಿ. ಕೇರಳದ ಕಡಲ ತೀರದ ಮೊನಜೈಟ್ ಮರಳಿನಲ್ಲಿ ಹೇರಳವಾಗಿರುವ ಧಾತುವೇ ಸೀರಿಯಂ. ಆ ಪುಡಿಯನ್ನು ನೀರಿಗೆ ಹಾಕಿ ಕಲಕಿ, ದಪ್ಪ ಕಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬೇರೆ ಬಾಟಲಿಗೆ ಬಗ್ಗಿಸಿಟ್ಟುಕೊಳ್ಳುತ್ತಿದ್ದೆ. ಕೂತ ಲ್ಯಾಪಿನ ಮೇಲೆ ಕನ್ನಡಿ ಓಡುವಾಗ ಕೈಗೆ ಒಂದೇ ಸಮನಾದ ಎಳೆತ ತಿಳಿಯುತ್ತದೆ, ಎಲ್ಲೂ ಜಗ್ಗುವುದಿಲ್ಲ, ಎಲ್ಲೂ ಜಾರುವುದಿಲ್ಲ. ಬೂದು ಮೊದಲು ನಡುವಿನಲ್ಲಿ ತಿಳಿಯಾಯಿತು, ಆಮೇಲೆ ಹೊರಕ್ಕೆ ಹರಡಿತು. ಅಂಚು ಎಲ್ಲಕ್ಕಿಂತ ಕೊನೆಗೆ.

ಮೇಷ್ಟ್ರು ಆಗಾಗ ಕಾವಲೂರಿನ ಮಾತು ತೆಗೆಯುತ್ತಿದ್ದರು. ಅಲ್ಲಿ, ತಮಿಳುನಾಡಿನ ಜವಾದಿ ಬೆಟ್ಟದ ಮೇಲಿರುವ 2.34 ಮೀಟರಿನ ವೇಣು ಬಾಪು ದೂರದರ್ಶಕ 1986ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅದರ ಕನ್ನಡಿಗೆ ರೂಪ ಕೊಟ್ಟು ಹೊಳಪು ಕೊಟ್ಟದ್ದು ಬೆಂಗಳೂರಿನಲ್ಲೇ, ಭಾರತೀಯ ಖಗೋಳಭೌತ ವಿಜ್ಞಾನ ಸಂಸ್ಥೆಯಲ್ಲಿ. ಆ ದೂರದರ್ಶಕದ ಕನಸು ಕಂಡ ಖಗೋಳಜ್ಞ ಬಾಪು ಅದನ್ನು ನೋಡಲು ಉಳಿಯಲಿಲ್ಲ, 1982ರಲ್ಲೇ ತೀರಿಕೊಂಡರು. "ಅಷ್ಟು ದೊಡ್ಡದೇ ಈ ಊರಲ್ಲಿ ಆಯ್ತು, ನಿಂದು ಎಂಟಿಂಚು ಆಗಲ್ವೇನಮ್ಮ" ಎನ್ನುವರು.

ಅಂಚಿನ ಬೂದು ಇನ್ನೂ ಉಳಿದಿರುವಾಗಲೇ ನನಗೆ ಬಳ್ಳಾರಿಗೆ ವರ್ಗವಾಯಿತು. 1995ರ ಏಪ್ರಿಲ್. ಕನ್ನಡಿಯನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಲ್ಯಾಪು ಬೇರೆ ಡಬ್ಬಿಯಲ್ಲಿತ್ತು. ಎರಡನ್ನೂ ಒಟ್ಟಿಗಿಟ್ಟರೆ ಅಂಟಿಕೊಂಡು ಬಿಡಿಸಲಾಗುವುದಿಲ್ಲ.

ಬಳ್ಳಾರಿಯ ಬಿಸಿಲು ಆ ಲ್ಯಾಪಿನ ಲೆಕ್ಕದಲ್ಲಿರಲಿಲ್ಲ. ಬಾಡಿಗೆ ಮನೆಯ ಕೋಣೆಯಲ್ಲಿ ಮಧ್ಯಾಹ್ನ ಥರ್ಮಾಮೀಟರ್ 38 ಡಿಗ್ರಿ ತೋರಿಸುತ್ತಿತ್ತು. ಬೆಂಗಳೂರಿನ ಡಿಸೆಂಬರಿನಲ್ಲಿ ಹದವಾಗಿದ್ದ ಪಿಚ್ ಇಲ್ಲಿ ಒತ್ತಿಟ್ಟ ಸ್ವಲ್ಪ ಹೊತ್ತಿಗೇ ಹರಿದು ಗೆರೆಗಳನ್ನೆಲ್ಲ ಮುಚ್ಚಿಬಿಡುತ್ತಿತ್ತು. ಚೌಕಗಳು ಒಂದಕ್ಕೊಂದು ಕೂಡಿಕೊಂಡು ಅಂಚಿನ ಪಿಚ್ ಹೊರಗೆ ಜೋಲುತ್ತಿತ್ತು. ಮೆತ್ತನೆಯ ಲ್ಯಾಪಿನಲ್ಲಿ ಉಜ್ಜಿದರೆ ಕನ್ನಡಿಯ ಅಂಚು ಕೆಳಕ್ಕೆ ಬಾಗುತ್ತದೆ. ಮನೆಯಲ್ಲಿ ಕನ್ನಡಿ ಮಾಡುವವರು ಎಲ್ಲಕ್ಕಿಂತ ಹೆಚ್ಚು ಹೆದರುವುದು ಈ ಬಾಗಿದ ಅಂಚಿಗೆ. ನಾನು ಉಜ್ಜದೆ ಮೇಷ್ಟ್ರಿಗೆ ಇನ್‌ಲ್ಯಾಂಡ್ ಪತ್ರ ಬರೆದೆ. ಉತ್ತರ ಬಂತು: ನನ್ನ ಅಳತೆ ಬಿಡು, ಕೋಣೆಯ ಬಿಸಿ ಎಷ್ಟು ನೋಡು, ನೀನು ಉಜ್ಜುವ ಹೊತ್ತಿನಲ್ಲೇ ನೋಡು, ಅದಕ್ಕೆ ತಕ್ಕ ಹಾಗೆ ರಾಳ ಸೇರಿಸು.

'ಉಜ್ಜುವ ಹೊತ್ತಿನಲ್ಲೇ' ಎಂಬುದರ ಕೆಳಗೆ ಅವರು ಗೆರೆ ಎಳೆದಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿದರೆ ಕೋಣೆ 28 ಡಿಗ್ರಿ, ಏಳಕ್ಕೆ 30. ನನ್ನ ಕೆಲಸಕ್ಕೆ ಇದೇ ಹೊತ್ತು ಎಂದು ಗೊತ್ತುಮಾಡಿಕೊಂಡು, ಲ್ಯಾಪಿನ ಪಿಚ್ಚನ್ನೆಲ್ಲ ಕೆತ್ತಿ ತೆಗೆದು, ರಾಳ ಸೇರಿಸಿ ಮತ್ತೆ ಕಾಯಿಸಿದೆ. ಮನೆಯ ಒಡತಿ ಅಜ್ಜಿ ಬಾಗಿಲಿಗೇ ಬಂದು ನಿಂತರು. "ಏನ್ ಕುದಿಸಾಕತ್ತೀಯವ್ವಾ, ಓಣಿ ತುಂಬ ವಾಸನಿ ಬರಾಕತ್ತೈತಿ." ವಿವರಿಸಿದೆ. ಚಂದ್ರನನ್ನು ತೋರಿಸುವುದಾಗಿ ಮಾತು ಕೊಟ್ಟ ಮೇಲೆ ಹಿತ್ತಲಿನ ಒಲೆಯೂ ನನಗೇ ಸಿಕ್ಕಿತು.

ಅಲ್ಲಿನ ಇನ್ನೊಂದು ಕಾಟ ಧೂಳು. ಸಂಡೂರು, ಹೊಸಪೇಟೆಯ ಕಬ್ಬಿಣದ ಅದಿರಿನ ಸೀಮೆ ಅದು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿಯೇ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಸೀರಿಯಂ ಬಳಕೆಗೆ ಬರುವ ಮೊದಲು ಕನ್ನಡಿಗಳಿಗೆ ಹೊಳಪು ಕೊಡುತ್ತಿದ್ದದ್ದು ರೂಜ್ ಎಂಬ ಕೆಂಪು ಪುಡಿಯಿಂದ. ಅದೂ ಕಬ್ಬಿಣದ ಆಕ್ಸೈಡೇ. ಕಿಟಕಿಯಾಚೆ ಕಾವಿಬಣ್ಣಕ್ಕೆ ಹಾರುತ್ತಿದ್ದ ಧೂಳಿನಲ್ಲೂ ಇದ್ದದ್ದು ಅದೇ ವಸ್ತು. ನುಣ್ಣಗೆ ತೊಳೆದು ಸೋಸಿದರೆ ಹೊಳಪು ಕೊಡುವುದು, ಹಾಗೇ ಬಂದು ಬಿದ್ದರೆ ಗೀರು ಹಾಕುವುದು.

ಹೊಸ ಲ್ಯಾಪು ಚೆನ್ನಾಗಿ ಕೂತಿತು. ಅಂಚಿನವರೆಗೂ ಬೂದು ಹೋಯಿತು. ಆಮೇಲೆ ಫೂಕೊ ಪರೀಕ್ಷೆ. 1858ರಲ್ಲಿ ಲಿಯಾನ್ ಫೂಕೊ ಕಂಡುಹಿಡಿದ ಈ ವಿಧಾನಕ್ಕೆ ಸಣ್ಣ ಬಲ್ಬು, ಒಂದು ಸೀಳು ಕಿಂಡಿ, ಒಂದು ಶೇವಿಂಗ್ ಬ್ಲೇಡು ಸಾಕು. ಕನ್ನಡಿಯಿಂದ ಎರಡೂವರೆ ಮೀಟರಿಗೆ ತುಸು ಕಡಿಮೆ ದೂರದಲ್ಲಿ, ಪಡಸಾಲೆಯ ಕತ್ತಲಲ್ಲಿ ಕೂತು, ಹಿಂದಿರುಗುವ ಬೆಳಕನ್ನು ಬ್ಲೇಡಿನಿಂದ ಮೆಲ್ಲನೆ ಕತ್ತರಿಸಿದರೆ ಕನ್ನಡಿಯ ಮೈಯ ಏರುತಗ್ಗೆಲ್ಲ ಬೆಟ್ಟ ಕಣಿವೆಯಾಗಿ ಎದ್ದು ಕಾಣುತ್ತದೆ. ಒಂದು ಬೆಳಿಗ್ಗೆ ಕನ್ನಡಿಯ ಮೈಗೆ ಹೆಬ್ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಓಡಿ ಬಂದು ಬ್ಲೇಡಿನ ಹಿಂದೆ ಕಣ್ಣಿಟ್ಟೆ. ಬೆರಳಿಟ್ಟ ಕಡೆ ಗುಡ್ಡವೊಂದು ಎದ್ದಿತ್ತು. ಬೆರಳ ಬಿಸಿಗೆ ಗಾಜು ಅಷ್ಟು ಉಬ್ಬಿತ್ತು! ನೋಡುತ್ತಿದ್ದಂತೆ ಅದು ತಗ್ಗುತ್ತ ತಗ್ಗುತ್ತ ಕೆಲವು ನಿಮಿಷಗಳಲ್ಲಿ ಸಮವಾಯಿತು. ಉಜ್ಜಿದ ಕೂಡಲೇ ಪರೀಕ್ಷೆ ಮಾಡಬಾರದು, ಗಾಜು ಆರುವವರೆಗೆ ಕಾಯಬೇಕು ಎಂದು ಮೇಷ್ಟ್ರು ಯಾಕೆ ಅಷ್ಟು ಒತ್ತಿ ಹೇಳುತ್ತಿದ್ದರು ಎಂಬುದು ಆ ಗುಡ್ಡದಲ್ಲಿ ಕಂಡಿತು.

ಬೆಳಕೆಲ್ಲ ಒಂದೇ ಬಿಂದುವಿಗೆ ಬರಬೇಕಾದರೆ ಗೋಳವನ್ನು ಪ್ಯಾರಬೋಲಕ್ಕೆ ತರಬೇಕು, ಅದು ಉಳಿದಿತ್ತು. ನನ್ನ ಕನ್ನಡಿಯಲ್ಲಿ ಈ ಎರಡು ಆಕಾರಗಳ ಅಂತರ ಒಂದು ಮೈಕ್ರಾನೂ ಇಲ್ಲ. ಇದಕ್ಕಾಗಿ ಸಣ್ಣ ಲ್ಯಾಪು, ಎಸಳಿನಾಕಾರದ ಲ್ಯಾಪು ಎಂದು ಬೇರೆ ಬೇರೆ ಮಾಡಿಕೊಳ್ಳುವವರಿದ್ದಾರೆ. ದೊಡ್ಡ ಕನ್ನಡಿಗಳಿಗೆ ಅವು ಬೇಕೇ ಬೇಕು. ಎಂಟಿಂಚಿಗೆ ಬೇಡ. ಸಣ್ಣ ಲ್ಯಾಪು ಓಡಾಡಿದ ಕಡೆಯಲ್ಲೆಲ್ಲ ತನ್ನ ಉಂಗುರದ ಗುರುತು ಬಿಟ್ಟುಹೋಗುತ್ತದೆ, ಅದನ್ನು ಅಳಿಸುವುದು ಇನ್ನೊಂದು ಕೆಲಸ. ಮೇಷ್ಟ್ರ ಉಪಾಯ ಬೇರೆ. ಹಳೆಯ ಪತ್ರಿಕೆಯಿಂದ, ಹೊರಗೆ ಅಗಲವಾಗಿ ಒಳಕ್ಕೆ ಚೂಪಾಗಿ ಚಾಚಿದ ಎಸಳುಗಳಿರುವ ಉಂಗುರ ಕತ್ತರಿಸಿ, ಒದ್ದೆ ಮಾಡಿ, ಅದೇ ಪೂರ್ಣ ಲ್ಯಾಪಿನ ಮೇಲೆ ಹಾಸಿ ಕನ್ನಡಿಯಿಟ್ಟು ಒತ್ತುವುದು. ಕಾಗದ ಇದ್ದ ಕಡೆ ಪಿಚ್ ಒಂದು ಕಾಗದದ ದಪ್ಪದಷ್ಟು ತಗ್ಗುತ್ತದೆ. ಕಾಗದ ತೆಗೆದು ಉಜ್ಜಿದರೆ ಸ್ವಲ್ಪ ಹೊತ್ತು ಅಂಚಿಗಿಂತ ನಡುವೇ ಹೆಚ್ಚು ಸವೆಯುತ್ತದೆ. ಆಮೇಲೆ ಪಿಚ್ ತಾನಾಗಿಯೇ ಮೊದಲಿನ ಮಟ್ಟಕ್ಕೆ ಬರುತ್ತದೆ, ಹೆಚ್ಚು ಕೊರೆಯುವ ಭಯವಿಲ್ಲ. ಪಿಚ್ ಹರಿಯುವುದನ್ನು ಬಳಸಿಕೊಂಡೇ ಪಿಚ್ಚನ್ನು ಆಳುವ ಈ ಉಪಾಯಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಕೆಲವೇ ನಿಮಿಷ ಉಜ್ಜುವುದು, ಗಂಟೆಗಟ್ಟಲೆ ಆರಲು ಬಿಡುವುದು, ಬ್ಲೇಡಿನ ಮುಂದೆ ಕೂರುವುದು, ಅಳತೆ ಬರೆದುಕೊಳ್ಳುವುದು. ಮಳೆಗಾಲ ಪೂರ್ತಿ ಹೀಗೇ ಹೋಯಿತು.

ಅಲ್ಯೂಮಿನಿಯಂ ಲೇಪಿಸಿಕೊಂಡು ಕನ್ನಡಿ ಬಳ್ಳಾರಿಗೆ ಮರಳಿದಾಗ ಚಳಿ ಬಂದಿತ್ತು. ಕೊಳವೆ, ಸ್ಟ್ಯಾಂಡು ಎಲ್ಲ ಊರಿನ ಬಡಗಿಯೊಬ್ಬರ ಕೈಕೆಲಸ. ಆ ವರ್ಷ ಶನಿಯ ಬಳೆ ನಮ್ಮ ಕಡೆಗೆ ಅಂಚು ತಿರುಗಿಸಿಕೊಂಡಿತ್ತು, ಗೋಲದ ಎರಡೂ ಬದಿಗೆ ಸೂಜಿಯಷ್ಟು ಸಣ್ಣ ಗೆರೆ. ಅದು ಕಂಡಿತು. ನಡುರಾತ್ರಿ ಮಹಾವ್ಯಾಧನ ನೀಹಾರಿಕೆಗೆ ತಿರುಗಿಸಿ, ಅದರ ನಡುವಿನ ನಾಲ್ಕು ನಕ್ಷತ್ರಗಳ ಗುಂಪನ್ನು ದೊಡ್ಡದು ಮಾಡಿ ನೋಡಿದೆ. ಗಾಳಿ ನಿಂತ ಒಂದು ಗಳಿಗೆಯಲ್ಲಿ ಐದನೆಯದೂ ಆರನೆಯದೂ ಅವುಗಳ ಪಕ್ಕದಲ್ಲೇ ಬಿಡಿಬಿಡಿಯಾಗಿ ಕಂಡವು. ಕನ್ನಡಿಯ ಮೈ ಒರಟಾಗಿದ್ದರೆ, ಅಂಚು ಬಾಗಿದ್ದರೆ ಆ ಎರಡು ಸಣ್ಣ ಚುಕ್ಕಿಗಳು ಪಕ್ಕದ ದೊಡ್ಡವರ ಬೆಳಕಿನಲ್ಲಿ ಮುಳುಗಿಹೋಗಬೇಕಿತ್ತು. ಅಜ್ಜಿಗೆ ಚಂದ್ರನನ್ನು ತೋರಿಸಿದ್ದು ಅದೇ ವಾರ. ಅವರು ಕಣ್ಣು ತೆಗೆಯಲೇ ಇಲ್ಲ, ಹಿಂದೆ ಓಣಿಯ ಮಕ್ಕಳೆಲ್ಲ ಸಾಲು ಹಚ್ಚಿ ನಿಂತಿದ್ದರು.

ಈಗ ಗಟ್ಟಿತನಕ್ಕೆ ನಂಬರು ಹಾಕಿದ ಪಿಚ್ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಗುಗೋಲ್ಜ್ ಪಿಚ್ಚಿನಲ್ಲಿ 64 ಎಂದರೆ ಮೆತ್ತಗಿನದು, 73 ಎಂದರೆ ಅದಕ್ಕಿಂತ ಗಟ್ಟಿ. ತಯಾರಾದ ಕನ್ನಡಿಯೇ ಚೀನಾದಿಂದ ಬಂದು ಬಾಗಿಲಲ್ಲಿ ಇಳಿಯುತ್ತದೆ. ಬರಲಿ. ಆಕಾಶ ನೋಡುವವರು ಹೆಚ್ಚಾದಷ್ಟೂ ನನಗೆ ಸಂತೋಷ. ಆದರೂ ಪುಣೆಯ ಐಯುಕಾದಂಥ ಖಗೋಳ ಸಂಸ್ಥೆಗಳ ಶಿಬಿರಗಳಲ್ಲಿ ಮಕ್ಕಳೂ ಮೇಷ್ಟ್ರುಗಳೂ ಗಾಜು ಉಜ್ಜಿದ್ದಾರೆ ಎಂದು ಕೇಳಿದಾಗೆಲ್ಲ ಸಮಾಧಾನವಾಗುತ್ತದೆ. ಈ ಕೆಲಸ ಪುಸ್ತಕದಿಂದ ಅರ್ಧ ಮಾತ್ರ ದಾಟುತ್ತದೆ, ಉಳಿದರ್ಧ ಪಕ್ಕದಲ್ಲಿ ನಿಂತವರ ಉಗುರಿನಿಂದ ನಮ್ಮ ಉಗುರಿಗೆ ಬರಬೇಕು.

ಇದನ್ನು ಓದಿ ಯಾರಿಗಾದರೂ ಉತ್ಸಾಹ ಬಂದರೆ ಆರಿಂಚಿನ ಎಫ್/8 ಕನ್ನಡಿಯಿಂದ ಶುರುಮಾಡಿ. ಅದರಲ್ಲಿ ಗೋಳಕ್ಕೂ ಪ್ಯಾರಬೋಲಕ್ಕೂ ಅಂತರ ತೀರ ಕಡಿಮೆ, ಒಳ್ಳೆಯ ಗೋಳ ಬಂದರೂ ಗ್ರಹಗಳು ಚೆನ್ನಾಗಿಯೇ ಕಾಣುತ್ತವೆ. ಗಾಜು ಕೊಳ್ಳುವುದಕ್ಕೂ ಮೊದಲು ಒಂದು ಥರ್ಮಾಮೀಟರ್ ತಂದು ನೀವು ಕೆಲಸ ಮಾಡಲಿರುವ ಕೋಣೆಯಲ್ಲಿ ತೂಗುಹಾಕಿ, ನೀವು ಉಜ್ಜಲಿರುವ ಹೊತ್ತಿನಲ್ಲಿ ಅದು ಏನು ತೋರಿಸುತ್ತದೆ ಎಂದು ಒಂದು ವಾರ ಬರೆದಿಡಿ. ಪಿಚ್ಚನ್ನು ಆ ಅಂಕಿಗೆ ಹದ ಮಾಡಿ. ಟರ್ಪೆಂಟೈನ್ ಹಾಕುವಾಗ ಮಾತ್ರ ಒಲೆ ಆರಿಸಿಯೇ ಹಾಕಿ.